ಪಂಡಿತನ ಪಾಲಿನ ರಮ್ಮು

ಮೊದಲೇ ಹೇಳಿಬಿಡುತ್ತೇನೆ, ನಾನು ಒಳ್ಳೆಯವನಲ್ಲ. ಬಾಣಸವಾಡಿಯಲ್ಲಿ ಯಾರನ್ನಾದರೂ ಕೇಳಿ, ಹವಾಲ್ದಾರ್ ಚಿಕ್ಕಮುನಿಯಪ್ಪನೇ, ಅಪರಂಜಿ ಕಣ್ರೀ ಅನ್ನುತ್ತಾರೆ. ಮಿಲಿಟರಿಯಲ್ಲಿ ಜೊತೆಗಿದ್ದ ಸ್ನೇಹಿತ ಕೈಕಾಲು ಬಿದ್ದು ಮೂಲೆ ಸೇರಿದಾಗ ಅವನ ಪೆನ್ಷನ್ನಿಗಾಗಿ ನಾಲ್ಕು ವರ್ಷ ಚಪ್ಪಲಿ ಸವೆಸಿದ ಪುಣ್ಯಾತ್ಮ ಅನ್ನುತ್ತಾರೆ. ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಮುಚ್ರಯ್ಯ ಬಾಯಿ, ಆ ಪೆನ್ಷನ್ನಿಗೆ ಕಲ್ಲು ಹಾಕಿದವನೂ ನಾನೇ ಎಂದು ಕೂಗಬೇಕು ಅನ್ನಿಸುತ್ತದೆ. ಕೂಗುವುದಿಲ್ಲ. ಹಲ್ಲು ಕಿರಿದು ಕೈಮುಗಿದು ಬರುತ್ತೇನೆ.

ಸ್ನೇಹಿತನ ಹೆಸರು ಹಯಗ್ರೀವ. ಹಲಸೂರಿನ ಮಾಧ್ವರ ಮನೆಯವನು. ಮೆಟ್ರಿಕ್ ಮುಗಿಸಿ ಯಾವುದಾದರೂ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂರುವುದು ಬಿಟ್ಟು ಮಿಲಿಟರಿಗೆ ಸೇರಿ ವೈರ್‌ಲೆಸ್ ಆಪರೇಟರ್ ಆದ. ನಮ್ಮ ಸಿಗ್ನಲ್ ಕಂಪನಿಯಲ್ಲಿ ಎಲ್ಲರೂ ಅವನನ್ನು ಪಂಡಿತ ಎಂದೇ ಕರೆಯುತ್ತಿದ್ದರು. ಮೊಟ್ಟೆ ಮುಟ್ಟುತ್ತಿರಲಿಲ್ಲ, ಸಾರಿನಲ್ಲಿ ಈರುಳ್ಳಿ ಕಂಡರೆ ಬರೀ ಅನ್ನಕ್ಕೆ ಉಪ್ಪು ಹಾಕಿಕೊಂಡು ತಿನ್ನುತ್ತಿದ್ದ, ಹೊರಗೆ ಹಿಮ ಬೀಳುತ್ತಿದ್ದರೂ ಮಿಂದು ಸಂಧ್ಯಾವಂದನೆ ಮಾಡದೆ ಬಾಯಿಗೆ ಚಹಾ ಬಿಡುತ್ತಿರಲಿಲ್ಲ. ಕಂಪನಿಯಲ್ಲಿ ಕನ್ನಡದವರು ನಾವಿಬ್ಬರೇ. ಅವನ ಮನೆಗೂ ನನ್ನ ಮನೆಗೂ ಒಂದು ಗಂಟೆಯ ನಡಿಗೆ. ಅಷ್ಟು ದೂರದ ಬೆಟ್ಟದ ಮೇಲೆ ಅಷ್ಟು ಸಾಕಿತ್ತು, ಒಡಹುಟ್ಟಿದವರ ಹಾಗೆ ಇದ್ದೆವು.

೧೯೬೩ರ ಕೊನೆಗೆ ನಮ್ಮನ್ನು ಈಶಾನ್ಯದ ಗಡಿಯ ಬೆಟ್ಟಕ್ಕೆ ಹಾಕಿದರು. ಅಲ್ಲಿ ಚಳಿಗೆಂದು ಜವಾನರಿಗೆ ಸಂಜೆ ಒಂದೊಂದು ಅಳತೆ ರಮ್ಮು ಕೊಡುತ್ತಿದ್ದರು. ಹಂಚುವ ಹವಾಲ್ದಾರ ನಾನು. ರಿಜಿಸ್ಟರಿನಲ್ಲಿ ಸಹಿ ಹಾಕಬೇಕು, ಮಗ್ಗು ಚಾಚಬೇಕು, ನನ್ನ ಕಣ್ಣೆದುರಿಗೇ ಕುಡಿದು ಹೋಗಬೇಕು. ಕುಡಿಯದವರು ಮೊದಲೇ ಹೆಸರು ಬರೆಸಿದರೆ ಬದಲಿಗೆ ಹಾಲಿನ ಪುಡಿ, ಸಕ್ಕರೆ. ಪಂಡಿತ ಹೆಸರು ಬರೆಸಲು ಬಂದಾಗ ನಾನು ತಡೆದೆ.

"ಲೋ ಪಂಡಿತ, ಹಾಲಿನ ಪುಡಿಗೆ ಯಾಕೋ ಸಾಯ್ತೀಯ? ಸುಮ್ನೆ ಸೈನ್ ಮಾಡಿ ಮಗ್ಗು ನನ್ ಕೈಗೆ ಕೊಡು. ಬೆಳಗಿನ ಜಾವದ ಡ್ಯೂಟಿಗೆ ನಿನ್ ಹೆಸರು ಹಾಕದ ಹಾಗೆ ನೋಡ್ಕೋತೀನಿ. ಬಿಸಿನೀರು ಕಾಯ್ಸಿಡ್ತೀನಿ. ಆರಾಮಾಗಿ ಸ್ನಾನ ಮಾಡಿ ನಿನ್ ಜಪ ನೀನು ಮಾಡ್ಕೋ."

ಅವನು ನಕ್ಕ. "ಅಂದ್ರೆ ನನ್ ಗಾಯತ್ರಿಗೆ ನಿನ್ ರಮ್ಮು ಜಾಮೀನು ಅಂತಾಯ್ತು. ಆಗ್ಲಿ ಬಿಡು ಮಾರಾಯ, ಚಳೀಲಿ ತಣ್ಣೀರು ಸುರ್ಕೊಳ್ಳೋದು ತಪ್ಪಿದ್ರೆ ಸಾಕು."

ಒಬ್ಬನ ಪಾಲು ಇನ್ನೊಬ್ಬನ ಗಂಟಲಿಗೆ ಹೋಗುವುದು ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದರೆ ಇಬ್ಬರಿಗೂ ಶಿಕ್ಷೆ, ಹಂಚುವ ಹವಾಲ್ದಾರನಿಗೆ ಎರಡು ಪಟ್ಟು. ಆದರೆ ಯಾವ ಪಲ್ಟನ್ನಿನಲ್ಲಿ ನಡೆಯುತ್ತಿರಲಿಲ್ಲ ಹೇಳಿ? ಆ ಚಳಿಗಾಲ ಪೂರ್ತಿ ಪಂಡಿತ ದುಂಡಗಿನ ಅಕ್ಷರದಲ್ಲಿ ಸಹಿ ಹಾಕಿದ, ನಾನು ಅವನ ಪಾಲು ಕುಡಿದೆ.

೧೯೬೪ರ ಫೆಬ್ರವರಿಯಲ್ಲಿ ಒಂದು ದಿನ ಬೆಳಗಿನ ಹಾಜರಿಗೆ ಸಾಲಾಗಿ ನಿಂತಿದ್ದೆವು. ಪಂಡಿತ ತೂರಾಡಿದ. ಮುಂದಿನವನ ಹೆಗಲು ಹಿಡಿಯಲು ಹೋಗಿ ಗಾಳಿ ಹಿಡಿದ. "ಮುನಿ, ಎಲ್ಲಾ ಎರಡೆರಡು ಕಾಣ್ತಿದೆ ಕಣೋ," ಎಂದ. ನಾಲಿಗೆ ತೊದಲುತ್ತಿತ್ತು. ಮೊಣಕಾಲು ಕುಸಿಯುವಷ್ಟರಲ್ಲಿ ನಾನು ಓಡಿಹೋಗಿ ಕಂಕುಳಿಗೆ ಕೈಕೊಟ್ಟು ಎತ್ತಿ ಹಿಡಿದೆ. ಕಂಪನಿಯ ಸಾಹೇಬರು ಹತ್ತಿರ ಬಂದರು. ಬಗ್ಗಿ ಮೂಸಿದರು. ವಾಸನೆ ಇತ್ತು. ಇಲ್ಲದೆ ಏನು? ಹಿಂದಿನ ಸಂಜೆ ನನ್ನ ಪಾಲು, ಅವನ ಪಾಲು, ತಳದಲ್ಲಿ ಉಳಿದದ್ದು ಎಲ್ಲವನ್ನೂ ಇಳಿಸಿದ್ದವನು ನಾನು, ಅವನ ಕೆನ್ನೆಗೆ ಕೆನ್ನೆ ತಾಗಿಸಿ ಬಾಯಿ ಬಿಟ್ಟುಕೊಂಡು ಏದುಸಿರು ಬಿಡುತ್ತಿದ್ದವನೂ ನಾನು. ವಾಸನೆ ನನ್ನದು. ಸಾಹೇಬರು ಅದನ್ನು ಅವನ ಲೆಕ್ಕಕ್ಕೆ ಹಾಕಿದರು.

ಆಫೀಸಿನಲ್ಲಿ ಅವರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ನಿನ್ನೆ ಇವನು ರಮ್ಮು ತೆಗೆದುಕೊಂಡನೇ? ರಿಜಿಸ್ಟರ್ ತೆರೆದು ಸಹಿ ತೋರಿಸಿದೆ. ಕುಡಿದನೇ? ಇಲ್ಲ ಎಂದರೆ ಮತ್ಯಾರು ಕುಡಿದರು ಎಂಬ ಮೂರನೆಯ ಪ್ರಶ್ನೆ ಬಾಗಿಲಲ್ಲೇ ನಿಂತಿತ್ತು. "ಜೀ ಸಾಬ್, ನನ್ನ ಕಣ್ಣೆದುರಿಗೇ ಕುಡಿದ," ಎಂದೆ. ಬರೆದುಕೊಂಡರು. ಕೆಳಗೆ ನನ್ನ ಮಿಲಿಟರಿ ನಂಬರು, ನನ್ನ ರುಜು.

ಪಂಡಿತ ನನ್ನ ಮುಖ ನೋಡಿದ. ಬಾಯಿ ಬಿಡಲಿಲ್ಲ. ಮಾರಕ್ಕ, ಅಂದರೆ ನನ್ನ ಹೆಂಡತಿ, ಬಸುರಿ ಎಂದು ಹಿಂದಿನ ವಾರವಷ್ಟೇ ಕಾಗದ ಬಂದಿತ್ತು. ಅದನ್ನು ನಾನು ಮೊದಲು ಓದಿ ಹೇಳಿದ್ದು ಅವನಿಗೇ. ಅದನ್ನು ನೆನೆಸಿಕೊಂಡೇ ಅವನು ಸುಮ್ಮನಾದ ಎಂದು ನನಗೆ ಗೊತ್ತು. ಆ ಸುಮ್ಮನಿರುವಿಕೆಯ ಹಿಂದೆ ನಾನು ಅವಿತುಕೊಂಡೆ. ಥೂ!

ಅವನ ತೋಳಿನ ನಾಯಕ್ ಪಟ್ಟಿ ಕಿತ್ತರು. ಸರ್ವೀಸ್ ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಕುಡುಕತನ ಎಂದು ಬರೆದರು. ಇಪ್ಪತ್ತೆಂಟು ದಿನ ಬೆನ್ನಿಗೆ ಕಲ್ಲಿನ ಚೀಲ ಕಟ್ಟಿ ಮೈದಾನ ಸುತ್ತಿಸಿದರು. ಬಲಗಾಲು ಎಳೆಯುತ್ತಿತ್ತು, ನೆಪ ಎಂದರು. ಓಡಿಸಿದವನು ನಾನಲ್ಲ, ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಒಂದು ತಿಂಗಳಿಗೆ ಕಣ್ಣು ಸರಿಹೋಯಿತು, ನಾಲಿಗೆ ಸರಿಹೋಯಿತು. ಅಮಲು ಇಳೀತು ಎಂದು ಎಲ್ಲರೂ ನಕ್ಕರು. ನಾನೂ, ಯಾರಿಗೆ ಗೊತ್ತು, ಕದ್ದು ಎಲ್ಲೋ ಕುಡಿದಿದ್ದರೂ ಕುಡಿದಿರಬಹುದು ಎಂದು ನಂಬಲು ಪ್ರಯತ್ನಪಟ್ಟೆ. ಮಾಡಿದವನ ಪಾಪ ಆಡಿದವನ ಬಾಯಲ್ಲಿ ಅನ್ನುತ್ತಾರೆ, ನಾನು ಮಾಡಿದ್ದೂ ಆಯಿತು, ಆಡಿದ್ದೂ ಆಯಿತು.

ಮರುವರ್ಷ ಮತ್ತೆ ಬಂತು. ಈ ಸಲ ಸರಿಹೋಗಲಿಲ್ಲ. ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡು, ಬೆನ್ನಿನಿಂದ ನೀರು ತೆಗೆದು, ಕೊನೆಗೆ ಮಲ್ಟಿಪಲ್ ಸ್ಕ್ಲಿರೋಸಿಸ್ ಎಂದರು. ನಮ್ಮ ದೇಶದಲ್ಲಿ ಅಪರೂಪವಂತೆ. ನೋಡಲು ಹೋದಾಗ ಪಂಡಿತ ನನಗೆ ಅರ್ಥವಾಗುವ ಹಾಗೆ ಹೇಳಿದ.

"ಲೈನ್ ಸರಿಯಾಗೇ ಇದೆಯಂತೆ ಮುನಿ. ತಂತಿ ಮೇಲಿನ ರಬ್ಬರ್ ಅಲ್ಲಲ್ಲಿ ಸವೆದುಹೋಗಿದೆಯಂತೆ. ತಲೆಯಿಂದ ಮೆಸೇಜು ಹೊರಡುತ್ತೆ, ಕಾಲಿಗೆ ತಲುಪಲ್ಲ. ಅವತ್ತು ಹಾಜರೀಲಿ ಬಿದ್ದೆನಲ್ಲ, ಅದೂ ಇದೇನೇ ಅಂತೆ."

ಡಾಕ್ಟರಿಗೆ ಆ ದಿನದ ವಿಷಯ ಹೇಳಿದೆಯಾ ಎಂದು ಕೇಳಿದೆ. ಹೇಳಿದೆ, ಆದರೆ ಬುಕ್ಕಿನಲ್ಲಿ ಕುಡಿತ ಅಂತಿದೆಯಲ್ಲ ಎಂದು ಸುಮ್ಮನಾದರು ಎಂದ. ನಾನು ಕಿತ್ತಳೆಹಣ್ಣು ಸುಲಿದು ಅವನ ಕೈಗಿಟ್ಟು ಎದ್ದು ಬಂದೆ.

೧೯೬೬ರಲ್ಲಿ ಅವನನ್ನು ಕೆಲಸಕ್ಕೆ ಅನರ್ಹ ಎಂದು ಮನೆಗೆ ಕಳಿಸಿದರು. ಅದೇ ವರ್ಷ ನನ್ನ ಸರ್ವೀಸೂ ಮುಗಿಯಿತು. ನಡತೆ ಅತ್ಯುತ್ತಮ ಎಂದು ನನ್ನ ಬುಕ್ಕಿನಲ್ಲಿ ಬರೆದರು. ಆ ಒಂದು ಸಾಲಿನ ಮೇಲೆ ನನಗೆ ವಿಮಾನಪುರದ ಫ್ಯಾಕ್ಟರಿಯ ಗೇಟಿನಲ್ಲಿ ಸೆಕ್ಯುರಿಟಿ ಕೆಲಸ ಸಿಕ್ಕಿತು. ಪಂಡಿತನಿಗೆ ಸಿಕ್ಕಿದ್ದು ಒಂದು ಕಾಗದ. ಕಾಯಿಲೆ ದೇಹದಿಂದಲೇ ಬಂದದ್ದು, ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ, ೧೯೬೪ರ ಘಟನೆ ಕುಡಿತದ್ದು, ಆದ್ದರಿಂದ ಅಂಗವಿಕಲ ಪೆನ್ಷನ್ ಇಲ್ಲ.

ಆ ಕಾಗದವನ್ನು ಹಲಸೂರಿನ ಮನೆಯಲ್ಲಿ ಓದಿ ಹೇಳಿದವರು ಪಂಡಿತನ ಮಾವ. ಪೌರೋಹಿತ್ಯದ ಮನುಷ್ಯ, ಇಂಗ್ಲಿಷೂ ಬಲ್ಲವರು. ಕುಡಿತ ಎಂಬಲ್ಲಿಗೆ ಬಂದು ನಿಲ್ಲಿಸಿದರಂತೆ, ಕಾಗದ ಮಡಿಸಿ ಮಗಳ ಕೈಗಿತ್ತು, ಉತ್ತರೀಯ ಕೊಡವಿ ಎದ್ದು ಹೋದರಂತೆ. ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಪಂಡಿತ ಹೆಂಡತಿಯ ಹತ್ತಿರ, ನಾನು ಕುಡಿದಿಲ್ಲ ಕಣೇ ಎಂದು ಒಂದೇ ಸಲ ಹೇಳಿದನಂತೆ. ಹಾಗಿದ್ರೆ ಸೈನ್ ಯಾಕೆ ಮಾಡಿದ್ರಿ ಎಂದರೆ ಉತ್ತರವಿಲ್ಲ. ನನ್ನ ಹೆಸರು ಹೇಳದೆ ಉತ್ತರ ಎಲ್ಲಿಂದ ಬರಬೇಕು?

ಅವನ ಹೆಂಡತಿ ಸೀತಾಲಕ್ಷ್ಮಿಯವರು ಒಂದು ದಿನ ನನ್ನನ್ನು ಬಾಗಿಲವರೆಗೆ ಬೀಳ್ಕೊಡಲು ಬಂದು, ದನಿ ತಗ್ಗಿಸಿ ಕೇಳಿದರು.

"ಮುನಿಯಪ್ಪನೋರೇ, ನೀವು ಜೊತೇಲಿದ್ರಲ್ಲ. ನಿಮ್ಮ ಮಕ್ಕಳಾಣೆ, ನಿಜ ಹೇಳಿ. ಇವರು ಕುಡೀತಿದ್ರಾ?"

ಕೇಳಿದ್ದು ಇಷ್ಟೇ. ಇಲ್ಲ ಎಂಬ ಎರಡಕ್ಷರ ಸಾಕಾಗಿತ್ತು. ಆದರೆ ಎರಡಕ್ಷರದ ಹಿಂದೆ ಮತ್ಯಾರು ಎಂಬ ಪ್ರಶ್ನೆ ಬರುತ್ತದಲ್ಲ. "ಅಲ್ಲಿ ಚಳಿ ಹಾಗಿರುತ್ತೆ ಅಮ್ಮಾವ್ರೆ," ಎಂದೆ, "ಯಾರ್ನೂ ತಪ್ಪು ಅನ್ನೋಕಾಗಲ್ಲ." ಆಕೆ ತಲೆಯಾಡಿಸಿದರು. ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಳಗೆ ಹೋದರು. ನಾನು ಸೈಕಲ್ ಹತ್ತಿ, ಹಳೇ ಮದ್ರಾಸು ರಸ್ತೆಯ ಉದ್ದಕ್ಕೂ ನನ್ನನ್ನೇ ಬೈದುಕೊಳ್ಳುತ್ತ ಹೋದೆ. ಬೈದುಕೊಂಡರೆ ಏನು ಬಂತು, ಸೈಕಲ್ ತಿರುಗಿಸಲಿಲ್ಲವಲ್ಲ.

ಅಪೀಲು ಮಾಡೋಣ ಎಂದವನು ಮಾತ್ರ ನಾನೇ. ಪಾಪ ಮಾಡಿದವನಿಗೆ ಹರಕೆಯ ಹುಚ್ಚು ಜಾಸ್ತಿ. ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದೆ, ಒಂದು ತಗಡಿನ ಮಾಡಿನ ಕೆಳಗೆ ಜಿಯಾವುಲ್ಲಾ ಸಾಹೇಬರು ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದರು. ಇಪ್ಪತ್ತು ವರ್ಷ ಮಿಲಿಟರಿಯ ದಾಖಲೆ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಪೆನ್ಷನ್ ಅರ್ಜಿ ಎಂದರೆ ದಂಡಿನ ಮಾಜಿ ಸಿಪಾಯಿಗಳೆಲ್ಲ ಅವರಲ್ಲಿಗೇ ಹೋಗುತ್ತಿದ್ದರು. ೧೯೬೭ರಲ್ಲಿ ಮೊದಲ ಅಪೀಲು ಅವರೇ ಬರೆದರು. ಜೊತೆಗೆ ನನ್ನದೊಂದು ಹೇಳಿಕೆ: ಹಯಗ್ರೀವ ಒಳ್ಳೆಯ ಕೆಲಸಗಾರ, ಸದ್ಗುಣಿ, ನನಗೆ ಚೆನ್ನಾಗಿ ಗೊತ್ತು. ಎಲ್ಲಾ ನಿಜ. ಬೇಕಾದ ಒಂದು ನಿಜವನ್ನು ಬಿಟ್ಟು ಉಳಿದದ್ದೆಲ್ಲ ಬರೆಸಿದೆ. ಕೆಳಗೆ ನಂಬರು ಹಾಕಿ ರುಜು ಮಾಡಿದೆ.

ಒಂದು ವರ್ಷದ ಮೇಲೆ ಅಪೀಲು ತಿರಸ್ಕಾರವಾಗಿ ಬಂತು. ಈ ಸಲ ಕಾಗದ ಉದ್ದವಾಗಿತ್ತು. ಜಿಯಾವುಲ್ಲಾ ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದಿದರು.

"ಗಂಟು ಇಲ್ಲಿದೆ ನೋಡಿ ಹವಾಲ್ದಾರ್ ಸಾಬ್. ಸಿಕ್ಸ್‌ಟಿ ಫೋರಲ್ಲಿ ಬಿದ್ದಿದ್ದು ಕಾಯಿಲೆ ಅಲ್ಲ, ಕುಡಿತ. ಒಬ್ಬ ಹವಾಲ್ದಾರ ಕಣ್ಣಾರೆ ನೋಡಿದೀನಿ ಅಂತ ಹೇಳಿದಾನೆ, ಅದ್ಕೇ ನಾವು ನಂಬ್ತೀವಿ ಅಂತಾರೆ. ಅದು ಸುಳ್ಳು ಅಂತ ಆಗ್ಬಿಟ್ರೆ, ಕಾಯಿಲೆ ಸರ್ವೀಸಲ್ಲೇ ಶುರು ಆಯ್ತು, ಮದ್ದು ಕೊಡೋ ಬದ್ಲು ಕಲ್ಲು ಹೊರ್ಸಿ ಜಾಸ್ತಿ ಮಾಡಿದ್ರು ಅಂತ ಆಗುತ್ತೆ. ಆಮೇಲೆ ಅವ್ರಪ್ಪನೂ ಪೆನ್ಷನ್ ನಿಲ್ಸೋಕಾಗಲ್ಲ. ಹೆಸ್ರು ಹಾಕಿಲ್ಲ, ಬರೀ ನಂಬರ್ ಇದೆ. ಯಾರ್ ಸಾಬ್ ಈ ಹವಾಲ್ದಾರ? ಬದ್ಕಿದಾನಾ?"

"ಗೊತ್ತಿಲ್ಲ," ಎಂದೆ. "ಆಗ್ಲೇ ಎಲ್ಲಿಗೋ ಟ್ರಾನ್ಸ್‌ಫರ್ ಆಗಿ ಹೋದ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈ ಅದಾಗಲೇ ಶರ್ಟಿನ ಕಾಲರ್ ಸರಿಮಾಡುತ್ತಿತ್ತು.

ಅವರು ಪೆಟ್ಟಿಗೆಯಿಂದ ಮೊದಲ ಅಪೀಲಿನ ಕಾರ್ಬನ್ ಪ್ರತಿ ತೆಗೆದರು. ನನ್ನ ಹೇಳಿಕೆಯ ಕೆಳಗಿನ ನಂಬರಿನ ಮೇಲೆ ಒಂದು ಬೆರಳು ಇಟ್ಟರು, ತಿರಸ್ಕಾರದ ಕಾಗದದಲ್ಲಿದ್ದ ಹವಾಲ್ದಾರನ ನಂಬರಿನ ಮೇಲೆ ಇನ್ನೊಂದು ಬೆರಳು. ಪಕ್ಕದಲ್ಲಿ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ಎರಡು ಬೆರಳೂ ಹಾಗೇ ಇಟ್ಟುಕೊಂಡು ಅವರು ನನ್ನ ಮುಖ ನೋಡಿದರು.

"ಇಪ್ಪತ್ತು ವರ್ಷ ನಂಬರ್ ನೋಡಿ ನೋಡಿ ಕಣ್ ಹೋಗಿರೋದು ಸಾಬ್. ಹೆಸ್ರು ಮರೀತೀನಿ, ನಂಬರ್ ಮರೆಯಲ್ಲ."

ನಾನು ಎಲ್ಲವನ್ನೂ ಹೇಳಿದೆ. ರಮ್ಮು, ಬಿಸಿನೀರು, ವಾಸನೆ, ಎಲ್ಲಾ. ಅವರು ತೋಬಾ ಎಂದು ಕಿವಿ ಮುಟ್ಟಿಕೊಂಡರು.

"ನಾನ್ ಯಾರ್ಗೂ ಹೇಳಲ್ಲ. ಹೇಳೋದು ನಿಮ್ ಕೆಲ್ಸ. ಆದ್ರೆ ಇದನ್ನ ಬಿಟ್ಟು ಇನ್ನೊಂದು ಅಪೀಲು ಬರಿ ಅಂದ್ರೆ ನಾನ್ ಬರಿಯಲ್ಲ. ಆ ಕಾಗದದಲ್ಲಿ ಬೋಂಡ ಕಟ್ಬಹುದು ಅಷ್ಟೇ. ಕೊನೇ ಅಪೀಲು ಸಾಬ್ ಇದು. ಆರು ತಿಂಗಳು ಟೈಮಿದೆ."

ಅಲ್ಲಿಂದ ನೇರವಾಗಿ ಹಲಸೂರಿಗೆ ಹೋದೆ. ಪಂಡಿತ ಹಜಾರದಲ್ಲಿ ಗೋಡೆಗೆ ಒರಗಿ ಕೂತಿದ್ದ. ಹೆಂಡತಿ ನೀರಿಗೆ ಹೋಗಿದ್ದರು. ನಾನು ವಿಷಯ ತಿಳಿಸಿದೆ, ನಿಜ ಬರೆದುಕೊಡಬೇಕಂತೆ ಎಂದೆ. ಅವನು ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ನನ್ನನ್ನು ನೋಡಿದ. ಹಾಗೆ ಮುಚ್ಚದಿದ್ದರೆ ಎದುರಿಗಿದ್ದವರು ಇಬ್ಬರಾಗಿ ಕಾಣುತ್ತಿದ್ದರು.

"ಎರಡು ಕಣ್ಣೂ ಬಿಟ್ರೆ ಇಬ್ರು ಮುನಿ ಕಾಣ್ತಾರೆ ಕಣೋ," ಎಂದ ನಿಧಾನವಾಗಿ, ಒಂದೊಂದೇ ಮಾತು ಎಳೆದು. "ಅದ್ರಲ್ಲಿ ಒಬ್ಬನಾದ್ರೂ ನಿಜ ಹೇಳೋನು ಇರ್ತಾನಾ ಅಂತ ನೋಡ್ತಿದ್ದೆ." ನಕ್ಕ. ಆಮೇಲೆ ನಗು ನಿಲ್ಲಿಸಿ, "ಬೇಡ ಬಿಡು. ನಿನ್ ನಡತೆ ಸರ್ಟಿಫಿಕೇಟು ಹೋದ್ರೆ ಗೇಟಿನ ಕೆಲ್ಸ ಹೋಗುತ್ತೆ. ಇಬ್ರೂ ಬೀದಿಗೆ ಬಂದು ಏನ್ ಸಾಧ್ಸೋದು?" ಎಂದ.

ಅವನು ಬೇಡ ಎಂದಾಗ ನನಗೆ ಹಾಯ್ ಎನ್ನಿಸಿತು. ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ, ಆದರೆ ಹಾಯ್ ಎನ್ನಿಸಿದ್ದು ನಿಜ. ಅವನೇ ಬೇಡ ಅಂದಮೇಲೆ ನನ್ನದೇನು ಎಂದು ಐದು ತಿಂಗಳು ಗೇಟಿನಲ್ಲಿ ಸಲ್ಯೂಟ್ ಹೊಡೆದುಕೊಂಡು ಇದ್ದೆ. ಜಿಯಾವುಲ್ಲಾ ಕಣ್ಣಿಗೆ ಬೀಳಬಾರದೆಂದು ಶಿವಾಜಿನಗರದಲ್ಲಿ ಇಳಿಯುವುದನ್ನೇ ಬಿಟ್ಟೆ. ಬೆಳಗಿನ ಶಿಫ್ಟು ಮುಗಿದರೆ ಮನೆ, ಮನೆಯಲ್ಲಿ ಸಿಡುಕು. ಮಾರಕ್ಕನಿಗೂ ಬೈದೆ, ಕೋಳಿಗೂ ಬೈದೆ.

"ಯಾರ್ ಮೇಲಿನ ಸಿಟ್ಟು ನನ್ ಮೇಲೆ ಹಾಕ್ತಿದೀಯ?" ಎಂದು ಮಾರಕ್ಕ ಸೌಟು ಹಿಡಿದೇ ಕೇಳಿದಳು. "ಹಲಸೂರಿಗೆ ಹೋಗ್ ಬಂದಾಗೆಲ್ಲ ಹಿಂಗೇ ಆಡ್ತೀಯ. ಅಲ್ಲೇನ್ ಹೂತಿಟ್ ಬಂದಿದೀಯ?"

ಅವಳಿಗೂ ಹೇಳಲಿಲ್ಲ.

ಆರನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಹಲಸೂರು ಪೇಟೆಗೆ ಬಂದೆ. ತರಕಾರಿ ಅಂಗಡಿಗಳ ಹತ್ತಿರ ಜನ ಗುಂಪುಗೂಡಿದ್ದರು. ನಡುವೆ ಪಂಡಿತ ಬಿದ್ದಿದ್ದ. ಗೋಡೆ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆದು ನೋಡೋಣ ಎಂದು ಒಬ್ಬನೇ ಹೊರಟಿದ್ದನಂತೆ. ಪಂಚೆ ಒದ್ದೆಯಾಗಿತ್ತು. ಆ ಕಾಯಿಲೆಯಲ್ಲಿ ಅದೂ ಕೈಮೀರುತ್ತದೆ. ಏಳಲು ಕೈಯೂರಿ ಮತ್ತೆ ಮತ್ತೆ ಜಾರುತ್ತಿದ್ದ. "ಜನಿವಾರ ಬೇರೆ ಹಾಕ್ಕೊಂಡವ್ನೆ, ಹಗಲೊತ್ನಲ್ಲೇ ಏರ್ಸವ್ನೆ ನೋಡು ಗುರು," ಎಂದು ಯಾರೋ ಅಂದರು. ನಕ್ಕರು. ಒಬ್ಬ ಪೊಲೀಸಿನವನು ಲಾಠಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ನನ್ನ ಯೂನಿಫಾರ್ಮ್ ನೋಡಿ ಕೇಳಿದ.

"ನಿಮ್ಗೆ ಗೊತ್ತಿರೋನಾ? ಕುಡಿದಿದಾನಾ?"

ಅದೇ ಪ್ರಶ್ನೆ. ಪಂಡಿತ ಕೆಳಗಿನಿಂದ ಒಂದು ಕಣ್ಣು ಮುಚ್ಚಿಕೊಂಡು ನನ್ನನ್ನು ನೋಡುತ್ತಿದ್ದ. ನನಗೆ ಆಗ ಎಲ್ಲಿಂದ ಸಿಟ್ಟು ಬಂತೋ, ಯಾರ ಮೇಲೆ ಬಂತೋ!

"ಕುಡಿದಿಲ್ಲ ಕಣಯ್ಯಾ!" ಎಂದು ಪೇಟೆಯೆಲ್ಲ ಕೇಳುವ ಹಾಗೆ ಅರಚಿದೆ. "ಅವನು ಜನ್ಮದಲ್ಲಿ ಮುಟ್ಟಿಲ್ಲ! ಕಾಯಿಲೆ ಅದು, ಕಾಯಿಲೆ! ಏನ್ ನಗ್ತೀರೋ ನಿಮ್ಮ... ಸಿಪಾಯಿ ಕಣ್ರೋ ಅವನು!" ಪೊಲೀಸಿನವನು ಎರಡು ಹೆಜ್ಜೆ ಹಿಂದೆ ಸರಿದ. ನಾನು ಪಂಡಿತನನ್ನು ಎತ್ತಿ ಜಟಕಾಗೆ ಹಾಕಿ ಮನೆಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಅವನು ನನ್ನ ಭುಜದ ಮೇಲೆ ತಲೆಯಿಟ್ಟು, ಒದ್ದೆ ಪಂಚೆಯನ್ನು ಕೈಯಿಂದ ಮುಚ್ಚಿಕೊಂಡು ಅತ್ತ. ಅಷ್ಟು ವರ್ಷದಲ್ಲಿ ಅವನು ಅತ್ತದ್ದನ್ನು ನೋಡಿದ್ದು ಅದೊಂದೇ ಸಲ.

ಮರುದಿನ ಜಿಯಾವುಲ್ಲಾ ಮುಂದೆ ಹೋಗಿ ಕೂತೆ. ಅವಧಿ ಮುಗಿಯಲು ಒಂಬತ್ತು ದಿನ ಇತ್ತು. ಅವರು ಏನೂ ಕೇಳದೆ ಛಾಪಾ ಕಾಗದ ತರಿಸಿ ಟೈಪ್‌ರೈಟರಿಗೆ ಏರಿಸಿದರು. ೧೯೬೪ರಲ್ಲಿ ನಾನು ಕೊಟ್ಟ ಸಾಕ್ಷಿ ಸುಳ್ಳು. ಹಯಗ್ರೀವನ ಪಾಲಿನ ರಮ್ಮನ್ನು ಚಳಿಗಾಲ ಪೂರ್ತಿ ಕುಡಿದವನು ನಾನು. ಸಾಹೇಬರಿಗೆ ಬಂದ ವಾಸನೆ ನನ್ನ ಬಾಯಿಯದು. ಅವನು ಎರಡೆರಡು ಕಾಣುತ್ತಿದೆ ಎಂದದ್ದನ್ನು ನಾನು ಕೇಳಿಯೂ ಹೇಳಲಿಲ್ಲ. ಒಂದೊಂದು ಸಾಲಿಗೂ ಟೈಪ್‌ರೈಟರಿನ ಗಂಟೆ ಟಿಣ್ ಎನ್ನುತ್ತಿತ್ತು. ನೋಟರಿಯ ಮುಂದೆ ರುಜು ಹಾಕಿ, ಅಂಚೆಗೆ ಹಾಕಿ ಮನೆಗೆ ಬಂದು ಮಾರಕ್ಕನಿಗೆ ಎಲ್ಲವನ್ನೂ ಹೇಳಿದೆ, ಕೆಲಸ ಹೋದರೂ ಹೋಗಬಹುದು ಎಂದೂ. ಅವಳು ಒಲೆಯ ಕಡೆ ತಿರುಗಿ, "ಹೋದ್ರೆ ಹೋಗ್ಲಿ. ಆ ಅಮ್ಮನ ಕೈಲಿ ಕಾಫಿ ಹೆಂಗ್ ಕುಡಿದ್ಯೋ ಇಷ್ಟ್ ದಿನ," ಎಂದಳು.

ಆಮೇಲೆ ಒಂದೂವರೆ ವರ್ಷ ಕಾದೆ. ಗೇಟಿಗೆ ಜೀಪು ಬಂದರೆ ನನ್ನನ್ನು ಹಿಡಿಯಲು ಬಂತು ಎಂದುಕೊಂಡೆ. ಅಂಚೆಯವನನ್ನು ಕಂಡರೆ ಗೇಟಿನ ಹಿಂದೆ ಸರಿದೆ. ಏನಾಯಿತು ಗೊತ್ತೇ? ಏನೂ ಆಗಲಿಲ್ಲ. ಆ ಸಾಹೇಬರು ಎಂದೋ ನಿವೃತ್ತರಾಗಿದ್ದರು. ಕಂಪನಿಯೇ ಬೇರೆಲ್ಲಿಗೋ ಹೋಗಿತ್ತು. ನನ್ನನ್ನು ಯಾರೂ ಕರೆಯಲಿಲ್ಲ, ಒಂದು ಮಾತು ಕೇಳಲಿಲ್ಲ. ಯಾವ ಹೆದರಿಕೆಗೆ ಪಂಡಿತನನ್ನು ಹತ್ತಿರ ಹತ್ತಿರ ಐದು ವರ್ಷ ಕುಡುಕನನ್ನಾಗಿ ಇಟ್ಟೆನೋ, ಆ ಹೆದರಿಕೆಗೆ ತಳವೇ ಇರಲಿಲ್ಲ. ಶಿಕ್ಷೆ ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

೧೯೭೦ರ ಜೂನ್ ತಿಂಗಳಲ್ಲಿ ಜಿಯಾವುಲ್ಲಾ ಅವರ ವಿಳಾಸಕ್ಕೆ ಮಂಜೂರಾತಿ ಬಂತು. ಕಾಯಿಲೆ ಸೇವೆಯಲ್ಲಿ ಕಾಣಿಸಿಕೊಂಡು ಸೇವೆಯಿಂದ ಉಲ್ಬಣಿಸಿದ್ದು, ಪೆನ್ಷನ್ ಕೊಡತಕ್ಕದ್ದು. ಇಂಗ್ಲಿಷ್ ಕಾಗದ, ಎರಡೇ ಸಾಲು. ಯಾಕೆ, ಹೇಗೆ, ಯಾರ ಮಾತಿನ ಮೇಲೆ ಎಂಬುದೊಂದೂ ಅದರಲ್ಲಿರಲಿಲ್ಲ. ಕಾಗದ ಹಿಡಿದುಕೊಂಡು ಸೈಕಲ್ಲಿನಲ್ಲಿ ಹಲಸೂರಿಗೆ ಹೋದಾಗ, ಸುಳ್ಳು ಯಾಕೆ ಹೇಳಲಿ, ಮದುವೆಮನೆಗೆ ಹೋಗುವವನ ಉತ್ಸಾಹ ನನಗೆ.

ಓದಿ ಹೇಳಿದೆ. ಸೀತಾಲಕ್ಷ್ಮಿಯವರು ಕಾಗದ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಪಂಡಿತ ಹಜಾರದ ಚಾಪೆಯ ಮೇಲೆ ದಿಂಬಿಗೆ ಒರಗಿದ್ದ. ಆ ಹೊತ್ತಿಗೆ ಅವನ ಮಾತು ಹೆಂಡತಿಗೂ ಅರ್ಥವಾಗುತ್ತಿರಲಿಲ್ಲ. ಆಕೆ ಒಳಗೆ ಹೋಗಿ ನನಗೆ ಕಾಫಿ ತಂದುಕೊಟ್ಟರು. ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ.

"ನಿಮ್ಮ ಋಣ ಹೇಗೆ ತೀರ್ಸೋದೋ ಮುನಿಯಪ್ಪನೋರೇ. ಹೆತ್ತಪ್ಪನೇ ತಿರುಗಿ ನೋಡ್ಲಿಲ್ಲ. ಸರ್ಕಾರ ನೋಡಿ, ಎಂಥ ದೊಡ್ಡ ಮನಸ್ಸು. ಕುಡಿದು ಕೆಟ್ಟ ಮನುಷ್ಯ ಅಂತ ಗೊತ್ತಿದ್ರೂ ತಪ್ಪು ಹೊಟ್ಟೆಗೆ ಹಾಕ್ಕೊಂಡು ಕೊಡ್ತಿದಾರೆ."

ಲೋಟ ನನ್ನ ಕೈಯಲ್ಲೇ ನಿಂತಿತು. ನಾನು ಸರ್ಕಾರಕ್ಕೆ ಬರೆದಿದ್ದೆ, ಛಾಪಾ ಕಾಗದದಲ್ಲಿ, ಇಂಗ್ಲಿಷಿನಲ್ಲಿ. ಈ ಹೆಣ್ಣುಮಗಳಿಗೆ ಹೇಳಿರಲಿಲ್ಲ. ಪೆನ್ಷನ್ ಬಂದರೆ ಎಲ್ಲವೂ ತಾನೇ ಸರಿಹೋಗುತ್ತದೆ ಎಂದುಕೊಂಡಿದ್ದೆನೋ, ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತೋ. ಈಗಲೂ ಸುಮ್ಮನಿರಬಹುದಿತ್ತು. ಕಾಫಿ ಕುಡಿದು, ಕೈಮುಗಿಸಿಕೊಂಡು, ಪುಣ್ಯಾತ್ಮನಾಗಿ ಸೈಕಲ್ ಹತ್ತಬಹುದಿತ್ತು. ಪಂಡಿತನನ್ನು ನೋಡಿದೆ. ಅವನ ತಲೆ ಅಲುಗುತ್ತಿತ್ತು. ಬೇಡ ಎನ್ನುತ್ತಿದ್ದನೋ, ಕಾಯಿಲೆಗೆ ಅಲುಗುತ್ತಿತ್ತೋ ನನಗೆ ತಿಳಿಯಲಿಲ್ಲ.

"ಅವನು ಕುಡೀಲಿಲ್ಲ ಅಮ್ಮಾವ್ರೆ," ಎಂದೆ. "ಒಂದು ತೊಟ್ಟೂ ಕುಡೀಲಿಲ್ಲ. ಅವನು ಸೈನ್ ಮಾಡಿದ್ದು ನಂಗೋಸ್ಕರ. ಕುಡಿದೋನು ನಾನು. ಸಾಕ್ಷಿ ಹೇಳಿದೋನೂ ನಾನೇ."

ಆಕೆ ನಿಂತಲ್ಲೇ ನಿಂತರು. ನಾನು ಉಳಿದದ್ದನ್ನೂ ಹೇಳಿದೆ, ತಲೆ ಎತ್ತದೆ, ನೆಲಕ್ಕೆ ಹೇಳಿದ ಹಾಗೆ.

"ನಾನು ನಿಮ್ಮನ್ನ ಕೇಳಿದ್ನಲ್ಲ," ಎಂದರು.

"ಕೇಳಿದ್ರಿ."

"ನಿಮ್ಮ ಮಕ್ಕಳಾಣೆ ಅಂತ ಕೇಳಿದ್ದೆ. ಏನಂದ್ರಿ?"

"ಚಳಿ ಅಂದೆ," ಎಂದೆ.

ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ. ನನ್ನನ್ನು ದಾಟಿಕೊಂಡು ಹೋಗಿ ಗಂಡನ ಪಕ್ಕ ನೆಲದ ಮೇಲೆ ಕೂತರು.

"ನಾಲ್ಕು ವರ್ಷ ನಿಮ್ಗೆ ಇಲ್ಲೇ ಬಡಿಸಿದೀನಲ್ರೀ," ಎಂದರು ಅವನಿಗೆ. "ಕುಡಿದ ಬಾಯಿ ಅಂತ. ನಿಮ್ ತಟ್ಟೆ ಬೇರೆಯಾಗೇ ತೊಳೆದಿಟ್ಟೆ. ಬಂದ ಹೊಸದ್ರಲ್ಲಿ ಗೋಡೆ ಹಿಡ್ಕೊಂಡು ಅಡುಗೆಮನೆ ತನಕ ಬಂದ್ರಿ, ದೇವರ ಮುಂದೆ ಬರ್ಬೇಡಿ ಅಂತ ಬಾಗಿಲಿಗೆ ಅಡ್ಡ ನಿಂತೆ. ನಡೀತಿದ್ರಿ ಕಣ್ರೀ ಆಗ. ನಡೀತಿದ್ರಿ."

ಅವನು ಹಜಾರದಲ್ಲಿ ಊಟ ಮಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಕಾಲಿಲ್ಲವಲ್ಲ, ಅದಕ್ಕೆ ಎಂದುಕೊಂಡಿದ್ದೆ. ಪಂಡಿತ ಏನೋ ಹೇಳಲು ಬಾಯಿ ತೆರೆದ, ಗಂಟಲಿನ ಸದ್ದು ಮಾತ್ರ ಬಂತು. ಅಲುಗುವ ಕೈಯನ್ನು ಆಕೆಯ ತಲೆಯ ಮೇಲಿಡಲು ನೋಡಿದ, ಅದು ಭುಜಕ್ಕೆ ಬಿತ್ತು.

ಆಕೆ ಕಣ್ಣೊರೆಸಿಕೊಂಡು ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನ ಕಂಕುಳಿಗೆ ಕೈಕೊಟ್ಟರು. ಒಬ್ಬರಿಂದಲೇ ಆಗಲಿಲ್ಲ. ನಾನು ಓಡಿಹೋಗಿ ಇನ್ನೊಂದು ಪಕ್ಕ ಹಿಡಿದೆ. ಬೇಡ ಎನ್ನಲಿಲ್ಲ. ಇಬ್ಬರೂ ಅವನನ್ನು ಎತ್ತಿಕೊಂಡು ಅಡುಗೆಮನೆಯ ಹೊಸ್ತಿಲಿನವರೆಗೆ ಬಂದೆವು. ಒಳಗೆ ದೇವರ ಮುಂದೆ ದೀಪ ಉರಿಯುತ್ತಿತ್ತು, ಒಲೆಯ ಪಕ್ಕ ಮಣೆ ಹಾಕಿತ್ತು.

"ಬಿಡಿ," ಎಂದರು.

"ಬೀಳ್ತಾನೆ ಅಮ್ಮಾವ್ರೆ. ಇನ್ನೆರಡು ಹೆಜ್ಜೆ..."

"ಬಿಡಿ. ನೀವು ಹಿಡಿದಿದ್ದು ಸಾಕು."

ನಾನು ಕೈ ಬಿಟ್ಟೆ. ಅವನ ಪೂರ್ತಿ ಭಾರ ಆಕೆಯ ಮೇಲೆ ಬಿತ್ತು, ಆಕೆ ಬಾಗಿದರು, ಬೀಳಲಿಲ್ಲ. ಅವನ ಎರಡೂ ಪಾದಗಳು ನೆಲಕ್ಕೆ ಎಳೆಯುತ್ತಿದ್ದವು. ಅವನನ್ನು ಹೊಸ್ತಿಲು ದಾಟಿಸಿ, ನನ್ನ ಕಡೆ ತಿರುಗದೆ, "ಹೋಗುವಾಗ ಬಾಗಿಲು ಎಳ್ಕೊಂಡು ಹೋಗಿ," ಎಂದರು.